ಅರ್ಧಕ್ಕೆ ಇಳಿಸಿದ ನೀರು

ಮೂವತ್ತೊಂದು ವರ್ಷದ ಹಿಂದೆ ಮಂಜೀರಾ ಹೊಳೆಯ ದಂಡೆಯಲ್ಲಿ ನಿಂತು ಸುಭದ್ರಮ್ಮ ತನ್ನ ಗಂಡ ಭೀಮಶಾನಿಗೆ ಒಂದು ಮಾತು ಕೊಟ್ಟಿದ್ದಳು. ಅವಳ ಚೊಚ್ಚಲ ಗಂಡುಕೂಸು ವಾಂತಿ-ಭೇದಿಗೆ ಸಿಕ್ಕು ಒಂದೇ ಹಗಲಿನಲ್ಲಿ ಹೋಗಿ ಆಗ ಮೂರು ದಿನವಾಗಿತ್ತು. ಹೊಳೆ ನೀರು ಹಸಿಯಾಗಿಯೇ ಕುಡಿಸಿದ್ದು ತಪ್ಪಾಯಿತು ಎಂದು ನಾರಾಯಣಖೇಡದಿಂದ ಬಂದ ನರ್ಸು ಹೇಳಿ ಹೋಗಿದ್ದಳು.

"ಇನ್ನ ಮ್ಯಾಲ ನನ್ನ ಕೈಲಿಂದ ಯಾವ ಕೂಸಿಗೂ ಕುದಿಸಲಾರದ ನೀರು ಒಂದ್ ಹನಿ ಸೈತ ಹೋಗಂಗಿಲ್ಲ," ಅಂದಿದ್ದಳು ಸುಭದ್ರಮ್ಮ. "ನಿನ್ನ ಮೈಮುಟ್ಟಿ ಹೇಳ್ತೀನಿ."

ಭೀಮಶಾ ಆಗಲೂ ಮಾತು ಕಡಿಮೆಯ ಮನುಷ್ಯ. ಹೂಂ ಅಂದಿದ್ದ, ಕುರಿ ಹೊಡೆದುಕೊಂಡು ಹೋಗಿದ್ದ.

ನಾಲ್ಕು ಕುದಿ ಬಂದರೆ ಸಾಕು ಎಂದು ನರ್ಸು ಹೇಳಿದ್ದಳು. ಸುಭದ್ರಮ್ಮನಿಗೆ ಅದು ಸಾಲಲಿಲ್ಲ. ಕೂಸು ಕಳಕೊಂಡವಳಿಗೆ ನಾಲ್ಕು ಕುದಿ ಎಲ್ಲಿಂದ ಸಾಲುತ್ತದೆ? ತುಂಬಿದ ಪಾತ್ರೆ ಅರ್ಧಕ್ಕೆ ಇಳಿಯುವವರೆಗೆ ಅವಳು ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ಆಮೇಲೆ ಹುಟ್ಟಿದ ಪೂರ್ಣಿಮಾ ಆ ನೀರು ಕುಡಿದೇ ಬೆಳೆದಳು. ಒಂದು ದಿನ ಹೊಟ್ಟೆನೋವು ಅಂದವಳಲ್ಲ. ಊರಿನ ಹೆಂಗಸರು "ಸುಭದ್ರಮ್ಮ ನೀರನ್ನೂ ಬ್ಯಾಳಿಯಂಗ ಕುದಿಸ್ತಾಳ" ಎಂದು ನಗುತ್ತಿದ್ದರು. ನಕ್ಕವರೇ ತಮ್ಮ ಮಕ್ಕಳಿಗೆ ಜ್ವರ ಬಂದಾಗ ತಂಬಿಗೆ ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದರು.

ಈಗ ಪೂರ್ಣಿಮಾ ಜಹೀರಾಬಾದಿನ ಒಂದು ನೀರು ಪರೀಕ್ಷೆಯ ಲ್ಯಾಬಿನಲ್ಲಿ ಸಹಾಯಕಿ. ಗುತ್ತಿಗೆಯ ಕೆಲಸ, ಬಾಣಂತನಕ್ಕೆ ಕೊಟ್ಟದ್ದು ಎರಡು ತಿಂಗಳ ರಜೆ. ಗಂಡ ಬಾಲರಾಜ ತಾಂಡೂರಿನ ಸಿಮೆಂಟ್ ಫ್ಯಾಕ್ಟರಿಯಲ್ಲಿ ಪಾಳಿಯ ಮೇಲೆ ಇರುತ್ತಾನೆ. ಹೀಗಾಗಿ ಎರಡೂವರೆ ತಿಂಗಳ ಮಯೂರಿ ಹದಿನೈದು ದಿನದಿಂದ ನಾಗಲಗಿದ್ದದ ಆಚೆ ಹೊಳೆದಂಡೆಯ ಊರಿನಲ್ಲಿ ಅಜ್ಜಿಯ ಕೈಯಲ್ಲಿದ್ದಳು. ಪೂರ್ಣಿಮಾಳಿಗೆ ಎದೆಹಾಲು ನಿಂತು ಹೋಗಿತ್ತು. ಕೂಸಿಗೆ ಡಬ್ಬಿಯ ಪುಡಿ ಹಾಲೇ ಗತಿ. ಪುಡಿಗೆ ನೀರು ಬೇಕು. ನೀರಿನ ಮಾತು ಬಂದಾಗಲೆಲ್ಲ ಪೂರ್ಣಿಮಾ ಲ್ಯಾಬಿನಲ್ಲಿ ಹೇಳುತ್ತಿದ್ದಳು: "ನಮ್ಮವ್ವನ ಕೈಯಾಗ ಅದ. ಫಿಕರ್ ಇಲ್ಲ."

ಆ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಸುಭದ್ರಮ್ಮನ ಫೋನು ಬಂತು.

"ಕೂಸಿನ ತುಟಿ ಜರಾ ಕಪ್ಪ ಕಾಣ್ಲಿಕತ್ತದ ಪೂರ್ಣಿ. ನೇರಳಿಹಣ್ಣು ತಿಂದಂಗ. ಜ್ವರ ಇಲ್ಲ, ಕೆಮ್ಮಿಲ್ಲ. ಬರೇ ಮಲಗತದ."

"ಥಂಡಿ ಆಗಿರ್ಬೇಕವ್ವ."

"ಏಪ್ರಿಲ್ ತಿಂಗಳದಾಗ ಎಲ್ಲಿ ಥಂಡಿ? ಕೆಟ್ಟ ಕಣ್ಣ ಬಿದ್ದದ. ಬಾಜೂಮನಿ ಆಟೋ ಮೊಗಲಪ್ಪನ ಹೆಂಡ್ತಿ ನಿನ್ನಿ ಬಂದು ಏನ್ ಚಂದ ಅದ ಕೂಸು, ಏನ್ ಚಂದ ಅದ ಅಂತ ನಾಕ್ ಸಲ ಅಂದ್ಳು. ಉಪ್ಪು ನಿವಾಳಿಸಿ ಒಗದೀನಿ. ಮಧ್ಯಾಹ್ನ ನೋಡಿ ಹೇಳ್ತೀನಿ, ನೀ ಕೆಲಸ ಮಾಡು."

ಪೂರ್ಣಿಮಾ ಕೆಲಸಕ್ಕೆ ಕೂತಳು. ಮನಸ್ಸು ಕೂಡಲಿಲ್ಲ. ಅಂದು ಅವಳ ಮುಂದಿದ್ದದ್ದು ಹೊಳೆಯ ಆರು ಬಾಟಲಿಗಳು. ತಿಂಗಳಿಗೊಮ್ಮೆ ಅವಳೂ, ಲ್ಯಾಬಿನ ಹಿರಿಯ ಸಂಜೀವ ಸರ್‌ ಕೂಡ ಹೊಳೆಯುದ್ದಕ್ಕೂ ಆರು ಕಡೆ ಇಳಿದು ನೀರು ತುಂಬಿ ತರುತ್ತಾರೆ. ಬಾಟಲಿಯನ್ನು ಅದೇ ಜಾಗದ ನೀರಿನಿಂದ ಮೂರು ಸಲ ಗಲಬರಿಸಿ ತುಂಬಬೇಕು, ಮುಚ್ಚಳ ನೀರಿನೊಳಗೇ ಬಿಗಿಯಬೇಕು, ಐಸ್ ಪೆಟ್ಟಿಗೆಯಲ್ಲಿಟ್ಟು ತರಬೇಕು. ಒಂದನೇ ಬಾಟಲಿ, ಮೇಲಿನ ಪೇಟೆಗೂ ಮೊದಲಿನದು, ನೀರಿನ ಹಾಗೇ ಇತ್ತು. ಎರಡನೆಯದು ಪೇಟೆಯ ಚರಂಡಿ ಬಂದು ಕೂಡುವಲ್ಲಿಯದು. ಮುಚ್ಚಳ ತೆಗೆದರೆ ಲ್ಯಾಬೆಲ್ಲ ಮೂಗು ಮುಚ್ಚುವಂಥದ್ದು. ಅದರಲ್ಲಿ ಅಮೋನಿಯಾ ಹನ್ನೊಂದು, ಮೀನು ಉಸಿರಾಡುವ ಆಮ್ಲಜನಕ ಇಲ್ಲವೆಂದರೂ ನಡೆದೀತು. ಐದನೆಯದು, ಆರನೆಯದು ಮತ್ತೆ ತಿಳಿ. ವಾಸನೆಯಿಲ್ಲ, ಅಮೋನಿಯಾ ಇಲ್ಲ.

"ನೋಡ್ರಿ ಸರ್, ಇಷ್ಟ್ ದೂರ ಹರಿಯೂದ್ರಾಗ ಹೊಳಿ ತನ್ನ ತಾನ ತೊಳ್ಕೊಂಡದ," ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಅಂದಿದ್ದಳು.

ಸಂಜೀವ ಸರ್ ಕನ್ನಡಕ ಒರೆಸುತ್ತಾ ನಕ್ಕಿದ್ದರು. "ತೊಳ್ಕೊಳ್ಳಂಗಿಲ್ಲಮ್ಮ, ವೇಷ ಬದಲಾಯಿಸ್ತದ. ಅಮೋನಿಯಾ ಇದ್ದದ್ದು ನೈಟ್ರೇಟ್ ಆಗ್ತದ. ವಾಸನಿ ಹೋಗ್ತದ, ಬಣ್ಣ ಹೋಗ್ತದ, ರುಚಿ ಸೈತ ಗೊತ್ತಾಗಂಗಿಲ್ಲ. ಅದರ ಮ್ಯಾಲ ದಂಡಿ ಮ್ಯಾಲಿನ ಕಬ್ಬಿಗಿ ಚೆಲ್ಲಿದ ಯೂರಿಯಾ ಬಂದು ಕೂಡ್ತದ. ವಾಸನಿ ಹೊಡಿಯೋ ನೀರು ಯಾರೂ ಕುಡಿಯಂಗಿಲ್ಲ. ತಿಳಿ ನೀರಿಗೇ ಅಂಜಬೇಕು."

ನೈಟ್ರೇಟ್ ನೋಡುವ ಕಿಟ್ಟಿನಲ್ಲಿ ಪುಡಿ ಹಾಕಿ ಅಲುಗಿಸಿ ಹತ್ತು ನಿಮಿಷ ಬಿಟ್ಟರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ನೈಟ್ರೇಟ್ ಹೆಚ್ಚು. ಕುಡಿಯುವ ನೀರಿಗೆ ಲೀಟರಿಗೆ ನಲವತ್ತೈದು ಮಿಲಿಗ್ರಾಂ ಗಡಿ. ಆರನೇ ಬಾಟಲಿ, ಅವಳ ತವರೂರಿಗೆ ಹತ್ತಿರದ್ದು, ಮೂವತ್ತನಾಲ್ಕು ತೋರಿಸಿತು. ಗಡಿಯ ಒಳಗೇ ಇದೆ ಎಂದು ಬರೆದುಕೊಂಡು ಪೂರ್ಣಿಮಾ ಉಸಿರು ಬಿಟ್ಟಳು. ಆಮೇಲೆ ಅವಳ ಕಣ್ಣು ತನ್ನ ಚೀಲದತ್ತ ಹೋಯಿತು.

ಭಾನುವಾರ ಊರಿಂದ ಹೊರಡುವಾಗ ಅವ್ವ ಬಸ್ಸಿನಲ್ಲಿ ಕುಡಿಯಲೆಂದು ಒಂದು ಬಾಟಲಿ ನೀರು ಕೊಟ್ಟಿದ್ದಳು. ಕೂಸಿನ ಹಾಲಿಗೆ ಹಾಕುವ ಅದೇ ಕುದಿಸಿದ ನೀರು. ಅರ್ಧ ಹಾಗೇ ಉಳಿದಿತ್ತು. ಆ ನೀರು ಹೊಳೆಯದ್ದಲ್ಲ, ನಳದ್ದೂ ಅಲ್ಲ. ನಳದಲ್ಲಿ ದೂರದ ಕೆರೆಯ ನೀರು ದಿನ ಬಿಟ್ಟು ದಿನ ಬರುತ್ತದೆ. ಬ್ಲೀಚಿಂಗ್ ವಾಸನೆ ಹೊಡೆಯುತ್ತದೆಂದು ಸುಭದ್ರಮ್ಮ ಅದನ್ನು ದನಕ್ಕೆ, ಬಟ್ಟೆಗೆ ಬಿಟ್ಟಿದ್ದಳು. ಕುಡಿಯಲು ವರ್ತಿಯ ನೀರು. ಬೇಸಿಗೆಯಲ್ಲಿ ಹೊಳೆಯ ಅಂಚಿನ ಮರಳಿನಲ್ಲಿ ಮೊಣಕಾಲುದ್ದ ಗುಂಡಿ ತೋಡಿದರೆ ಬುಡದಲ್ಲಿ ಕಣ್ಣೀರಿನಷ್ಟು ತಿಳಿಯಾದ ನೀರು ಒಸರುತ್ತದೆ, ಅದೇ ವರ್ತಿ. ಅದರಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆ, ಚಹಾಕ್ಕೆ ರುಚಿ ಬರುತ್ತದೆ. ಹಿರಿಯರೆಲ್ಲ ಅದನ್ನೇ ಕುಡಿದವರು. ಆದರೆ ಹಿರಿಯರ ಕಾಲದಲ್ಲಿ ವರ್ತಿಯ ನೆತ್ತಿಯ ಮೇಲೆ ಜೋಳವಿತ್ತು. ಈಗ ಅಲ್ಲಿ ಎಂಟು ಎಕರೆ ಕಬ್ಬು.

ಪೂರ್ಣಿಮಾ ಆ ನೀರನ್ನು ಕೊಳವೆಗೆ ಸುರಿದು ಪುಡಿ ಹಾಕಿದಳು. ಹತ್ತು ನಿಮಿಷ ಬೇಕಾಗಲಿಲ್ಲ. ನೀರು ಗುಲಾಬಿಯಾಗಿ, ಗುಲಾಬಿಯನ್ನು ದಾಟಿ ಬೀಟ್‌ರೂಟ್ ರಸದ ಹಾಗೆ ನಿಂತಿತು. ಹೋಲಿಸಿ ನೋಡುವ ಕಾರ್ಡಿನಲ್ಲಿ ಅಂಥ ಬಣ್ಣವೇ ಇರಲಿಲ್ಲ. ಕಾರ್ಡು ನೂರಕ್ಕೆ ಮುಗಿಯುತ್ತದೆ.

"ಸರ್, ಇಲ್ಲಿ ಬರ್ರಿ."

ಸಂಜೀವ ಸರ್ ಬಂದು ನೋಡಿದರು. "ಯಾವ ಕಾರ್ಖಾನಿದು?"

"ನಮ್ಮವ್ವಂದು."

ಅವರು ಒಂದು ಪಾಲು ನೀರಿಗೆ ನಾಲ್ಕು ಪಾಲು ಶುದ್ಧ ನೀರು ಬೆರೆಸಿ ಮತ್ತೊಮ್ಮೆ ಹಚ್ಚಿದರು. ನಲವತ್ತೆರಡು ಬಂತು. ಐದರಿಂದ ಗುಣಿಸಬೇಕು. ಇನ್ನೂರಹತ್ತು.

"ಕುದಿಸಿದ್ದು ಸರ್ ಇದು. ನಮ್ಮವ್ವ ಅರ್ಧಕ್ಕ ಇಳಿಸ್ತಾಳ." ಹೇಳುತ್ತಿದ್ದಂತೆಯೇ ಪೂರ್ಣಿಮಾಳಿಗೆ ಲೆಕ್ಕ ಹೊಳೆಯಿತು.

ಕುದಿದರೆ ರೋಗದ ಹುಳ ಸಾಯುತ್ತದೆ. ನೈಟ್ರೇಟ್ ಸಾಯುವುದಿಲ್ಲ, ಅದಕ್ಕೆ ಜೀವವೇ ಇಲ್ಲ. ನೀರು ಹಬೆಯಾಗಿ ಹೋಗುತ್ತದೆ, ಅದು ಪಾತ್ರೆಯಲ್ಲೇ ಉಳಿಯುತ್ತದೆ. ಅರ್ಧಕ್ಕೆ ಇಳಿಸಿದರೆ ಎರಡು ಪಟ್ಟು. ಕಾಲೇಜಿನ ಒಂದನೇ ವರ್ಷದ ಹುಡುಗಿಯೂ ಹೇಳಬಲ್ಲ ಲೆಕ್ಕ. ಎರಡೂವರೆ ತಿಂಗಳ ಕೂಸಿನ ಹೊಟ್ಟೆಯಿಂದ ಅದು ರಕ್ತಕ್ಕೆ ಸೇರಿದರೆ ರಕ್ತ ಉಸಿರನ್ನು ಹೊರುವುದು ಬಿಡುತ್ತದೆ. ಮೊದಲು ತುಟಿ ಕಪ್ಪಾಗುತ್ತದೆ, ಆಮೇಲೆ ಉಗುರು, ಆಮೇಲೆ ಕೂಸು ಏಳುವುದಿಲ್ಲ. ಇದನ್ನು ಅವಳು ಪರೀಕ್ಷೆಗೆ ಬರೆದು ಪಾಸಾಗಿದ್ದಳು. ಅವ್ವನ ಒಲೆಯ ಮುಂದೆ ಮಾತ್ರ ಅದು ಒಂದು ದಿನವೂ ನೆನಪಾಗಿರಲಿಲ್ಲ.

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು. ಕೂಸಿನ ಮುಂದಿನ ಹಾಲು ಹನ್ನೆರಡಕ್ಕೆ.

ಅವ್ವನ ಫೋನು ರಿಂಗಾಯಿತು, ನಿಂತಿತು. ಮತ್ತೆ ರಿಂಗಾಯಿತು, ನಿಂತಿತು. ಆ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಮುಂದಿನ ಕಿಟಕಿಯಲ್ಲಿ ಮಾತ್ರ. ಅವ್ವ ಇರುವುದು ಹಿತ್ತಲ ಒಲೆಯ ಹತ್ತಿರ. ಐದನೇ ಸಲಕ್ಕೆ ಪೂರ್ಣಿಮಾ ಅಪ್ಪನ ನಂಬರು ಒತ್ತಿದಳು.

"ಹೇಳ್ ಪೂರ್ಣಿ."

"ಅಪ್ಪಾ, ಎಲ್ಲಿ ಅದಿ?"

"ಕುರಿ ಹಿಂದ. ಮತ್ತೆಲ್ಲಿ ಇರ್ತಾರ, ತಹಸೀಲ್ ಕಚೇರಿಯಾಗ?"

"ಮನಿಗಿ ಓಡು. ಅವ್ವ ಕೂಸಿಗಿ ಬಾಟ್ಲಿ ಕುಡಿಸದಂಗ ಹಿಡಿ. ನೀರಿನಾಗ ವಿಷ ಅದ."

"ಯಾರ್ ಹಾಕ್ಯಾರ?"

"ಯಾರೂ ಬೇಕಂತ ಹಾಕಿಲ್ಲಪ್ಪಾ. ಪ್ಯಾಟಿ ಹೊಲಸು, ಹೊಲದ ಯೂರಿಯಾ, ಎಲ್ಲಾ ವರ್ತಿಗಿ ಇಳದದ. ಅವ್ವ ಕುದಿಸಿ ಅದನ್ನ ಗಟ್ಟಿ ಮಾಡ್ಲಿಕತ್ತಾಳ. ನೀ ಓಡು, ಆಮ್ಯಾಲ ಕೇಳು."

"ಒಂದ್ ಕುರಿ ಈಯಾಕ ಹತ್ತದ."

"ಅಪ್ಪಾ."

"ಹೊಂಟೆ."

ಭೀಮಶಾನಿಗೆ ಅರವತ್ತು ದಾಟಿತ್ತು. ಕುರಿ ಮೇಯುವ ಗುಡ್ಡದಿಂದ ಮನೆಗೆ ಎರಡು ಕಿಲೋಮೀಟರು. ಪೂರ್ಣಿಮಾ ಫೋನನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಸಂಜೀವ ಸರ್ ಆಗಲೇ ಬೈಕಿನ ಚಾವಿ ತೆಗೆದುಕೊಂಡಿದ್ದರು. "ಕೂಸಿನ ಕರ್ಕೊಂಡು ಸೀದಾ ನಾರಾಯಣಖೇಡ ದವಾಖಾನಿಗಿ ಬರ್ಲಿ. ನಾವೂ ಅಲ್ಲಿಗೇ ಹೋಗಮು. ಆ ನೀರಿನ ಬಾಟ್ಲಿ ತಗೋ, ಕಿಟ್ಟೂ ಕಾರ್ಡೂ ತಗೋ. ಡಾಕ್ಟ್ರಿಗಿ ಬಾಯಿಮಾತು ಸಾಕಾಗಂಗಿಲ್ಲ."

ಬೈಕು ಹೆದ್ದಾರಿ ಬಿಡುವ ಮೊದಲೇ ಅಪ್ಪನ ನಂಬರಿಂದ ಫೋನು ಬಂತು. ಮಾತಾಡಿದವಳು ಅವ್ವ.

"ಏನ್ ನಡಸೀರಿ ಅಪ್ಪ-ಮಗಳು? ಈ ಮುದುಕ ಏದುಸಿರು ಬಿಟ್ಕೊಂತ ಬಂದು ಕೂಸಿನ ಬಾಯಾಗಿಂದು ಬಾಟ್ಲಿ ಕಸ್ಕೊಂಡ."

"ಎಷ್ಟ ಕುಡದದ ಅವ್ವ?"

"ಅರ್ಧ ಕುಡಿದಿತ್ತು. ಚೀಪಾಕ ಶಕ್ತಿ ಇಲ್ಲ ಅದಕ್ಕ. ಉಗುರು ಸೈತ ಕಪ್ಪಾಗ್ಯಾವ."

ಪೂರ್ಣಿಮಾ ಬೈಕಿನ ಹಿಂದೆ ಕಣ್ಣು ಮುಚ್ಚಿದಳು. "ಅವ್ವ, ಆ ನೀರಿನಿಂದೇ ಆಗಿದ್ದು. ಇನ್ನ ಒಂದ್ ಚಮಚ ಸೈತ ಕೊಡಬ್ಯಾಡ."

"ಹುಚ್ಚ ಹಿಡದದ ಏನ್ ನಿನಗ? ಕುದಿಸಿದ ನೀರಿನಿಂದ ಯಾರಿಗೆ ಏನಾಗ್ಯಾದ? ನೀ ಅದನ್ನೇ ಕುಡದು ಎಮ್ಮಿ ಆದಂಗ ಆಗೀದಿ. ಇವತ್ತ ಕೂಸಿಗಿ ಆರಾಮಿಲ್ಲಂತ ಇನ್ನಾ ಜಾಸ್ತಿ ಕುದಿಸೀನಿ. ಮೂರ್ ತಂಬಿಗಿ ಹಾಕಿ ಒಂದ್ ತಂಬಿಗಿ ಉಳಿಸೀನಿ."

ಮೂರಕ್ಕೆ ಒಂದು. ವರ್ತಿಯಲ್ಲಿದ್ದ ನೂರೈದು ಮೂರು ಪಟ್ಟಾಗಿ ಮುನ್ನೂರ ಹದಿನೈದು.

"ಅವ್ವ, ಅಪ್ಪಗ ಫೋನ್ ಕೊಡು."

"ಕೊಡಂಗಿಲ್ಲ. ನನಗ ಹೇಳು. ನಾ ಸಾಕ್ಲಿಕತ್ತೀನಿ ಕೂಸಿನ, ಅವನಲ್ಲ. ನೀನೂ ಅಲ್ಲ."

ಆ ಕೊನೆಯ ಎರಡು ಮಾತು ನೆಟ್ಟಗೆ ಬಂದು ನಾಟಿದವು. ಪೂರ್ಣಿಮಾ ದನಿ ಏರಿಸಲಿಲ್ಲ. "ಖರೇ ಅದ ಅವ್ವ. ನೀನೇ ಸಾಕ್ಲಿಕತ್ತಿ. ಅದಕ್ಕ ನಿನಗೇ ಹೇಳ್ತೀನಿ. ಮೊಗಲಪ್ಪನ ಆಟೋದಾಗ ಕೂಸಿನ ಹಾಕ್ಕೊಂಡು ಈಗಿಂದೀಗ ನಾರಾಯಣಖೇಡಕ್ಕ ಬಾ. ದಾರ್ಯಾಗ ಏನೂ ಕುಡಿಸಬ್ಯಾಡ. ಡಾಕ್ಟ್ರು ನನ್ನ ಮಾತು ತಪ್ಪಂದ್ರ ಎಲ್ಲಾರ ಮುಂದ ನನಗ ಬೈಯಿ."

ಫೋನು ಕಡಿಯಿತು. ಸಿಗ್ನಲ್ ಹೋಯಿತೋ, ಅವ್ವ ಕಡಿದಳೋ ತಿಳಿಯಲಿಲ್ಲ. ಬಾಲರಾಜನಿಗೆ ಎರಡು ಮಾತಲ್ಲಿ ಸುದ್ದಿ ಹೇಳಿದಳು. ಅವನು ತಾಂಡೂರಿಂದ ಸಿಕ್ಕ ಬಸ್ಸು ಹತ್ತುತ್ತೇನೆ ಅಂದ. ಆಮೇಲಿನ ಐವತ್ತು ನಿಮಿಷ ಅವಳ ಕಣ್ಣಿಗೆ ಬಿದ್ದದ್ದು ಬರೀ ರಸ್ತೆಯ ಎರಡೂ ಬದಿಯ ಹಸಿರು. ಅಷ್ಟು ಹಸಿರು ಏನು ತಿಂದು ಆಗಿದೆ ಎಂದು ಅವಳು ಹಿಂದೆಂದೂ ಯೋಚಿಸಿರಲಿಲ್ಲ.

ಆಸ್ಪತ್ರೆಯ ಮೆಟ್ಟಿಲ ಹತ್ತಿರ ಆಟೋ ನಿಂತಿತ್ತು. ಸುಭದ್ರಮ್ಮ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗಿಯಾಗಿತ್ತು. ಅವಳ ಹಿಂದೆ ಭೀಮಶಾ, ಒಂದು ಕೈಯಲ್ಲಿ ಕುರಿ ಕಾಯುವ ಕೋಲು, ಇನ್ನೊಂದರಲ್ಲಿ ನೀರು ತುಂಬಿದ ಫ್ಲಾಸ್ಕು. ಅವ್ವ ಅದನ್ನು ಬಿಟ್ಟು ಬಂದಿರಲಿಲ್ಲ.

ಕೂಸಿನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ವಯಸ್ಸಿನಲ್ಲಿ ಪೂರ್ಣಿಮಾಳಿಗಿಂತ ಚಿಕ್ಕವರು. ಎದೆಗೆ ಕೊಳವೆ ಹಚ್ಚಿ ಕೇಳಿದರು, ಮೂಗಿಗೆ ಆಕ್ಸಿಜನ್ ಇಟ್ಟರು. ನ್ಯುಮೋನಿಯಾ ಇರಬಹುದು, ಹೃದಯದಲ್ಲಿ ರಂಧ್ರವೂ ಇರಬಹುದು, ದೊಡ್ಡ ಊರಿಗೆ ಒಯ್ಯಿರಿ ಎಂದು ತೆಲುಗಿನಲ್ಲಿ ಹೇಳುತ್ತಾ ಚೀಟಿ ಬರೆಯತೊಡಗಿದರು. ಆಕ್ಸಿಜನ್ ಹೋಗುತ್ತಲೇ ಇತ್ತು. ಬಣ್ಣ ಬದಲಾಗಲಿಲ್ಲ.

ಪೂರ್ಣಿಮಾ ಅವರ ಚೀಟಿಯ ಮೇಲೆ ಬಾಟಲಿಯನ್ನೂ ಕಾರ್ಡನ್ನೂ ಇಟ್ಟಳು. "ಸರ್, ನಾನು ನೀರಿನ ಲ್ಯಾಬಿನವಳು. ಕೂಸು ಹದಿನೈದು ದಿನದಿಂದ ಈ ನೀರಿನಾಗ ಹಾಲು ಕುಡದದ. ನೈಟ್ರೇಟ್ ಇನ್ನೂರಹತ್ತು. ಇವತ್ತಿಂದು ಅದಕ್ಕಿಂತ ಜಾಸ್ತಿ."

ಡಾಕ್ಟರ ಪೆನ್ನು ನಿಂತಿತು. ಅವರು ಕೂಸಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಬಿಳಿ ಕಾಗದದ ಮೇಲೆ ಬಿಟ್ಟರು. ಅದರ ಪಕ್ಕದಲ್ಲಿ ಪೂರ್ಣಿಮಾಳ ಬೆರಳಿನದೊಂದು ಹನಿ. ಎಲ್ಲರೂ ಕಾಗದವನ್ನೇ ನೋಡಿದರು. ತಾಯಿಯ ಹನಿ ಕೆಂಪಗೆ ಹರಡಿತು. ಮಗಳ ಹನಿ ಚಹಾದ ಗಸಿಯ ಹಾಗೆ ಕಂದಾಗಿಯೇ ಉಳಿಯಿತು.

ಸುಭದ್ರಮ್ಮ ಅದನ್ನು ನೋಡಿದಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

ಇದಕ್ಕೆ ಬೇಕಾದ ಔಷಧಿ ಆಪರೇಷನ್ ಕೋಣೆಯ ಕಪಾಟಿನಲ್ಲಿ ಎರಡೇ ಸೀಸೆ ಉಳಿದಿತ್ತು. ರಕ್ತಕ್ಕೆ ಉಸಿರು ಹೊರುವ ಶಕ್ತಿ ಮರಳಿಸುವ, ಶಾಯಿಯಂಥ ನೀಲಿ ಔಷಧಿ. ಅಮೃತಬಾಯಿ ಎಂಬ ನರ್ಸು ಕೂದಲೆಳೆಯಂಥ ನರ ಹುಡುಕಿ ಸೂಜಿ ಚುಚ್ಚಿ, ನಿಧಾನವಾಗಿ ಒತ್ತಿದಳು. "ಮೂತ್ರ ಹಸರು-ನೀಲಿ ಬರ್ತದ, ಗಾಬರಿ ಬೀಳಬ್ಯಾಡ್ರಿ. ನಮ್ಮ ಡಾಕ್ಟ್ರೇ ಮೊದಲನೇ ಸಲ ನೋಡಿ ಗಾಬರಿ ಬಿದ್ದಿದ್ರು."

ಸುಭದ್ರಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. "ಹದಿನೈದ್ ದಿನ," ಅಂದಳು. "ದಿನಕ್ಕ ಎಂಟ್ ಸಲ. ನನ್ನ ಕೈಲಿಂದೇ."

"ನಿನಗ ಹ್ಯಾಂಗ ಗೊತ್ತಿರ್ಬೇಕವ್ವ," ಅಂದಳು ಪೂರ್ಣಿಮಾ. "ಗೊತ್ತಿದ್ದಾಕಿ ನಾನು."

ಮುಕ್ಕಾಲು ಗಂಟೆ ಕಳೆಯಿತು. ಮೊದಲು ಕಿವಿಯ ತುದಿ, ಆಮೇಲೆ ತುಟಿ. ನೇರಳೆ ಬಣ್ಣ ಎಳೆ ಎಳೆಯಾಗಿ ಇಳಿಯಿತು. ಕೂಸು ಕಾಲು ಒದೆಯಿತು. ಆಮೇಲೆ, ಬೆಳಗಿನಿಂದ ಅಳದಿದ್ದ ಕೂಸು, ವಾರ್ಡೆಲ್ಲ ತಿರುಗಿ ನೋಡುವ ಹಾಗೆ ಅತ್ತಿತು.

"ಹಸಿದಿದೆ," ಎಂದರು ಡಾಕ್ಟರು. "ಈಗಲೇ ಕುಡಿಸಬೇಕು, ಸಕ್ಕರೆ ಅಂಶ ಇಳಿದಿದೆ." ಅಮೃತಬಾಯಿ ಸೀಲು ಹಾಕಿದ ನೀರಿನ ಬಾಟಲಿ ತೆರೆದು ಬಟ್ಟಲಿನಲ್ಲಿ ಪುಡಿ ಕಲಸಿದಳು. ಸಂಜೀವ ಸರ್ ಅಂಥದೇ ಇನ್ನೊಂದು ಬಾಟಲಿಯ ನೀರನ್ನು ಮೊದಲೇ ಕೊಳವೆಗೆ ಹಾಕಿ ನೋಡಿದ್ದರು, ಬಣ್ಣವೇ ಬರಲಿಲ್ಲ. ಅಮೃತಬಾಯಿ ಚಮಚ ಹಿಡಿದಳು. ಕೂಸು ಮುಖ ತಿರುವಿತು. ಪೂರ್ಣಿಮಾ ಹಿಡಿದಳು. ಕೂಸು ಉಗುಳಿತು, ಇನ್ನೂ ಜೋರಾಗಿ ಅತ್ತಿತು. ಅದಕ್ಕೆ ಪರಿಚಯವಿದ್ದದ್ದು ಒಂದೇ ಕೈ.

"ಅವ್ವ, ನೀನೇ ಕುಡಿಸಬೇಕು."

ಸುಭದ್ರಮ್ಮ ಎದ್ದು ಬಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ಬಟ್ಟಲು ನೋಡಿದಳು. "ಇದು ಕುದಿಸಿದ್ದಾ?"

"ಇಲ್ಲಮ್ಮ. ಫಿಲ್ಟರ್ ನೀರು, ಸೀಲಿಂದು," ಅಂದಳು ಅಮೃತಬಾಯಿ.

"ಒಂದ್ ಕುದಿ ಕುದಿಸಿ ಕೊಡ್ರಿ. ಒಂದೇ ಕುದಿ."

ಒಂದು ಕುದಿಯಿಂದ ಕೆಡುಕೇನೂ ಆಗುತ್ತಿರಲಿಲ್ಲ. ಪೂರ್ಣಿಮಾಳಿಗೆ ಅದು ಗೊತ್ತಿತ್ತು. ಆದರೆ ಕರೆಂಟು ಹೋಗಿ ಅರ್ಧ ಗಂಟೆಯಾಗಿತ್ತು. ಜನರೇಟರು ಆಕ್ಸಿಜನ್ನಿಗಷ್ಟೇ ಸಾಲುತ್ತಿತ್ತು. "ಕೆಟಲ್ ಹತ್ತಂಗಿಲ್ಲಮ್ಮ. ಒಲಿ ಎಲ್ಲಿಂದ ತರ್ಲಿ?" ಅಂದಳು ಅಮೃತಬಾಯಿ. ಕೂಸಿನ ಅಳು ಸಣ್ಣದಾಗತೊಡಗಿತ್ತು. ದನಿ ತೆಳ್ಳಗಾದದ್ದನ್ನು ಕೇಳಿ ಡಾಕ್ಟರು ತಿರುಗಿ ನೋಡಿದರು.

ಸುಭದ್ರಮ್ಮನ ಕೈ ಪಕ್ಕದಲ್ಲಿದ್ದ ಫ್ಲಾಸ್ಕಿನ ಮುಚ್ಚಳದ ಮೇಲೆ ಹೋಗಿ ಕೂತಿತು. ಬೇಕೆಂದು ಇಟ್ಟ ಕೈಯಲ್ಲ; ಮೂವತ್ತೊಂದು ವರ್ಷದ ರೂಢಿಯಿಂದ ತಾನಾಗಿ ಹೋದ ಕೈ. ಪೂರ್ಣಿಮಾ ಒಂದು ಹೆಜ್ಜೆ ಮುಂದೆ ಬಂದಳು. ಸುಭದ್ರಮ್ಮ ಅವಳನ್ನು ನೋಡಲಿಲ್ಲ. ಬಾಗಿಲಲ್ಲಿ ಕೋಲಿಗೆ ಗದ್ದ ಊರಿ ನಿಂತಿದ್ದ ಗಂಡನನ್ನು ನೋಡಿದಳು.

"ನಿನಗ ಮಾತು ಕೊಟ್ಟೀನಿ."

"ಕೊಟ್ಟಿ," ಅಂದ ಭೀಮಶಾ.

"ಏನಂತಿ?"

"ನಾ ಏನನ್ಲಿ. ಕೂಸು ಹಸದದ."

ಅವಳು ಫ್ಲಾಸ್ಕಿನಿಂದ ಕೈ ತೆಗೆದಳು. ಬಟ್ಟಲಿನಿಂದ ಒಂದು ಚಮಚ ತೆಗೆದು ಮೊದಲು ತನ್ನ ನಾಲಿಗೆಯ ಮೇಲೆ ಬಿಟ್ಟುಕೊಂಡು ನುಂಗಿದಳು. ನರ್ಸು ಬೇರೆ ಚಮಚ ಕೊಟ್ಟಳು. ಎರಡನೆಯದನ್ನು ಕೂಸಿನ ತುಟಿಗೆ ಹಿಡಿದಳು. ಕೂಸು ಬಾಯಿ ತೆರೆಯಿತು.

ಬಟ್ಟಲು ಖಾಲಿಯಾಗುವವರೆಗೂ ಸುಭದ್ರಮ್ಮ ಕುದಿಸದ ನೀರನ್ನು ತನ್ನ ಕೈಯಿಂದ ಕೂಸಿಗೆ ಕುಡಿಸಿದಳು. ಗಂಡನಿಗೆ ಕೊಟ್ಟ ಮಾತು ಮುರಿದಳು.